ಸರಾಸರಿಯ ಮರೆಯಲ್ಲಿ ಉಳಿದ ಊರುಗಳು

ರಾಜ್ಯದ ಒಟ್ಟು ಉತ್ಪನ್ನ ಏರಿತೆಂಬ ಅಂಕಿಯಲ್ಲಿ ಗದಗ ಜಿಲ್ಲೆಯ ಶಿರಹಟ್ಟಿಯ ಶೇಂಗಾ ಬೆಳೆಗಾರನ ಪಾಲೆಷ್ಟು, ಬೆಟಗೇರಿಯ ನೇಕಾರನ ಪಾಲೆಷ್ಟು ಎಂಬುದು ಕಾಣುವುದಿಲ್ಲ. ಈ ಕೊರತೆಯನ್ನು ಲೆಕ್ಕ ಹಾಕಿ ತೋರಿಸಿದವರು ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿ, ರಾಜ್ಯ ಯೋಜನಾ ಮಂಡಳಿಯ ಉಪಾಧ್ಯಕ್ಷರಾಗಿ ದುಡಿದ ಅವರನ್ನು ಉತ್ತರ ಕರ್ನಾಟಕ ನೆನೆಯುವುದು ಪ್ರಾದೇಶಿಕ ಅಸಮತೋಲನದ ಕುರಿತ 2002ರ ವರದಿಗಾಗಿ. ಆಗಿನ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದ ಅವರ ಸಮಿತಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಶಿರಹಟ್ಟಿ, ಮುಂಡರಗಿ ಆ ಪಟ್ಟಿಯಲ್ಲಿದ್ದವು. ಜಿಲ್ಲೆಯ ಸರಾಸರಿಯನ್ನು ದಾಟಿ ತಾಲ್ಲೂಕಿಗೆ ಇಳಿದದ್ದೇ ಅವರ ದೊಡ್ಡ ಕೊಡುಗೆ. ನಾವು ಅಲ್ಲಿಗೇ ನಿಂತುಬಿಟ್ಟೆವು ಎಂಬುದು ನನ್ನ ತಕರಾರು.

ಹಣ ಸುರಿದರೂ ಹಿಂದುಳಿದ ತಾಲ್ಲೂಕುಗಳು ಮೇಲೇಳಲಿಲ್ಲ, ಬೆಳೆಯುವ ಕಡೆಯೇ ಬಂಡವಾಳ ಹಾಕಿದರೆ ಫಲ ಎಲ್ಲರಿಗೂ ಹರಿಯುತ್ತದೆ ಎನ್ನುವವರಿದ್ದಾರೆ. ಹರಿಯಲು ದಾರಿ ಬೇಕಲ್ಲ? ಒಳ್ಳೆಯ ಶಾಲೆ, ರಸ್ತೆ, ನೀರು ಇಲ್ಲದ ಊರಿನ ಯುವಕನಿಗೆ ಬೆಂಗಳೂರಿನ ಬೆಳವಣಿಗೆಯಿಂದ ಸಿಗುವುದು ಗುಳೆ ಹೋಗುವ ಬಸ್ಸಷ್ಟೇ. ಇನ್ನು ಹಣದ ಮಾತು. ಎಂಟು ವರ್ಷಗಳಿಗೆ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆಯನ್ನು ಸಮಿತಿ ಸೂಚಿಸಿತ್ತು. ಅದು ಶುರುವಾದದ್ದೇ 2007-08ರಲ್ಲಿ. ಆಮೇಲೂ ಬಿಡುಗಡೆಯಾದ ಹಣವನ್ನು ಎಣಿಸಿದಷ್ಟು ಶ್ರದ್ಧೆಯಿಂದ ಬದಲಾವಣೆಯನ್ನು ಯಾರೂ ಅಳೆಯಲಿಲ್ಲ. ಮುಂಡರಗಿ ತಾಲ್ಲೂಕಿನ ಹಮ್ಮಿಗಿಯಲ್ಲಿ ತುಂಗಭದ್ರೆಗೆ ಬ್ಯಾರೇಜು ಕಟ್ಟಿದ್ದು ಖರ್ಚಿನ ಲೆಕ್ಕ. ಆ ನೀರು ಯಾರ ಹೊಲ ಮುಟ್ಟಿತು, ಹಿಂಗಾರಿಗೆ ಇನ್ನೊಂದು ಬೆಳೆ ಬಂತೇ ಎಂಬುದು ಅಭಿವೃದ್ಧಿಯ ಲೆಕ್ಕ.

ತಾಲ್ಲೂಕಿನ ಸರಾಸರಿಯೂ ಒಳಗಿನ ಊರುಗಳನ್ನು ಮರೆಮಾಡುತ್ತದೆ. 2002ರಲ್ಲಿ ಲಕ್ಷ್ಮೇಶ್ವರ ಶಿರಹಟ್ಟಿಯೊಳಗಿತ್ತು. ಬೇರೆ ತಾಲ್ಲೂಕಾದ ಮೇಲೂ ಹಳೆಯ ಸೂಚ್ಯಂಕದಲ್ಲಿ ಅದಕ್ಕೆ ತನ್ನದೇ ಅಂಕಿಯಿಲ್ಲ. ಗದಗ-ಬೆಟಗೇರಿ ಅವಳಿ ನಗರದಲ್ಲಂತೂ ಗದಗಿನ ಮಾರುಕಟ್ಟೆಯ ವಹಿವಾಟು ಬೆಟಗೇರಿಯ ಮಗ್ಗಗಳ ಸಂಕಟವನ್ನು ಮುಚ್ಚಿಬಿಡುತ್ತದೆ. ಸರ್ಕಾರ 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ರಚಿಸಿದ್ದು ಸರಿಯಾದ ಹೆಜ್ಜೆ. ಆದರೆ ಇಪ್ಪತ್ತು ವರ್ಷಕ್ಕೊಮ್ಮೆ ಸಮಿತಿ ಕೂತರೆ ಸಾಲದು. ಅಳತೆ ಹೋಬಳಿ, ವಾರ್ಡ್ ಮಟ್ಟಕ್ಕೂ ಇಳಿಯಬೇಕು. ಅಷ್ಟು ಕೆಳಗಿನ ಅಂಕಿ ಎಲ್ಲಿಂದ ತರುವುದು ಎಂಬ ಆಕ್ಷೇಪ ಏಳಬಹುದು. ಬೆಳೆ ಸಮೀಕ್ಷೆ, ಪಡಿತರ ಚೀಟಿ, ಶಾಲಾ ದಾಖಲಾತಿಯ ವಿವರಗಳು ಸರ್ಕಾರದ ಬಳಿ ಊರುವಾರು ಇವೆ. ಇಲಾಖೆಗಳು ಅವನ್ನು ಒಂದೆಡೆ ಕೂಡಿಸಬೇಕಷ್ಟೆ. ಐದು ವರ್ಷಕ್ಕೊಮ್ಮೆ ಹಾಗೆ ಕೂಡಿಸಿದ ಲೆಕ್ಕವನ್ನು ಜಿಲ್ಲಾ ಪಂಚಾಯಿತಿ, ನಗರಸಭೆಗಳ ಮುಂದಿಟ್ಟು, ಅನುದಾನ ಹಂಚುವ ಮೊದಲು ಅದರ ಮೇಲೆ ಚರ್ಚೆ ನಡೆಯುವಂತೆ ಕಾನೂನು ಮಾಡಬೇಕು.