ಪಕ್ಷಿಮಿತ್ರರ ಸಭೆಯಲ್ಲಿ ಜೈನ ಸಮಾಜವೆಲ್ಲಿ?

ಮಹಾರಾಷ್ಟ್ರ ಪಕ್ಷಿಮಿತ್ರ ಸಮ್ಮೇಳನಕ್ಕೆ ನಾಲ್ಕು ದಶಕಗಳ ಪರಂಪರೆಯಿದೆ. ರಾಜ್ಯದ ಬೇರೆಬೇರೆ ಊರುಗಳಲ್ಲಿ ಸೇರುವ ಈ ಸಭೆಯಲ್ಲಿ ಶಿಕ್ಷಕರು, ವೈದ್ಯರು, ವಿದ್ಯಾರ್ಥಿಗಳು, ಅರಣ್ಯಾಧಿಕಾರಿಗಳು, ಸಂಶೋಧಕರು ಒಂದೇ ಸಾಲಿನಲ್ಲಿ ಕೂರುತ್ತಾರೆ. ಯಾವ ಕೆರೆಗೆ ಯಾವ ಹಕ್ಕಿ ಬಂದಿತು, ಯಾವುದು ಬರಲಿಲ್ಲ ಎಂಬ ಟಿಪ್ಪಣಿಯೇ ಅಲ್ಲಿನ ಬಂಡವಾಳ. ಜೀವದಯೆಯನ್ನೇ ಪರಮಧರ್ಮವೆಂದು ಸಾರುವ ಜೈನ ಸಮಾಜವು ಒಂದು ಸಮಾಜವಾಗಿ ಇಂಥ ಸಭೆಗಳನ್ನು ಇನ್ನೂ ತನ್ನದೆಂದು ತಿಳಿದಿಲ್ಲ.

ಆದರೆ ಹಕ್ಕಿಗಳ ಹೆಸರಿನಲ್ಲಿ ಅದು ಬೀದಿಗಿಳಿದುದುಂಟು. 2025ರ ಆಗಸ್ಟ್‌ನಲ್ಲಿ ಮುಂಬಯಿಯ ದಾದರ್ ಕಬೂತರ್‌ಖಾನಾಕ್ಕೆ ಪಾಲಿಕೆ ಹೊದಿಸಿದ್ದ ತಾಡಪಾಲನ್ನು ಪ್ರತಿಭಟನಕಾರರು ಕಿತ್ತೆಸೆದರು. ಪಾರಿವಾಳದ ಹಿಕ್ಕೆಯಿಂದ ಶ್ವಾಸಕೋಶಕ್ಕೆ ಒದಗುವ ಅಪಾಯವನ್ನು ಉಚ್ಚ ನ್ಯಾಯಾಲಯವು ಗಂಭೀರವಾಗಿ ಪರಿಗಣಿಸಿತ್ತು. ಹಸಿದ ಹಕ್ಕಿಯ ಬಗೆಗಿನ ಕಳಕಳಿ ಸುಳ್ಳಲ್ಲ. ಆದರೆ ಆ ಕಳಕಳಿಯನ್ನು ಮತವನ್ನಾಗಿ ಎಣಿಸಿದ ರಾಜಕಾರಣಿಗಳೂ ಇದ್ದರು.

ಮೂವತ್ತು ಸಾವಿರಕ್ಕೂ ಹೆಚ್ಚು ಪಕ್ಷಿವೀಕ್ಷಕರ ದಾಖಲೆಗಳಿಂದ ಸಿದ್ಧವಾದ 2023ರ ‘ಭಾರತದ ಪಕ್ಷಿಗಳ ಸ್ಥಿತಿಗತಿ’ ವರದಿ ಬೇರೊಂದು ಚಿತ್ರವನ್ನು ಮುಂದಿಡುತ್ತದೆ. ಪಾರಿವಾಳಗಳು ಹೆಚ್ಚುತ್ತಿವೆ, ಹುಲ್ಲುಗಾವಲಿನ ಹಕ್ಕಿಗಳು ಕುಸಿಯುತ್ತಿವೆ. ಕನ್ನಡ ಜೈನ ಮನೆತನಗಳು ತಲೆಮಾರುಗಳಿಂದ ನೆಲೆಸಿರುವ ಸೊಲ್ಲಾಪುರದ ಬಳಿಯಲ್ಲೇ ನಾನ್ನಜ್ ಇದೆ. ಎರೆಭೂತ, ಅಂದರೆ ಮರಾಠಿಯ ‘ಮಾಳಢೋಕ’ ಪಕ್ಷಿಗಾಗಿ 1979ರಲ್ಲಿ ಅಲ್ಲಿ ಘೋಷಣೆಯಾದ ಅಭಯಾರಣ್ಯವು ಎಂಟು ಸಾವಿರ ಚದರ ಕಿಲೋಮೀಟರಿಗಿಂತಲೂ ವಿಶಾಲವಾಗಿತ್ತು; ಈಗ ಸುಮಾರು 1,200ಕ್ಕೆ ಇಳಿದಿದೆ. ಇಂದು ಅಲ್ಲಿ ಆ ಹಕ್ಕಿಯ ದರ್ಶನವೇ ದುರ್ಲಭ. ಸರ್ಕಾರಿ ಕಡತಗಳಲ್ಲಿ ಹುಲ್ಲುಗಾವಲು ಬಹುಮಟ್ಟಿಗೆ ‘ಪಾಳುಭೂಮಿ’. ಅದು ಕರಗಿದಾಗ ಯಾವ ಸಂಘವೂ ಮೆರವಣಿಗೆ ಹೊರಡಲಿಲ್ಲ.

ದಯೆಗೆ ಮುನ್ನ ಅರಿವು ಬೇಕೆಂಬುದು ಆಗಮಗಳ ನಿಲುವೇ ಆಗಿದೆ. ಮುನಿಗಳ ಈರ್ಯಾಸಮಿತಿಯೂ ಅದನ್ನೇ ಬೋಧಿಸುತ್ತದೆ: ನೋಡಿ ಹೆಜ್ಜೆಯಿಡು. ಭೂಮಿ, ಜಲ, ವನಸ್ಪತಿಗಳಲ್ಲಿಯೂ ಜೀವವನ್ನು ಕಂಡ ದರ್ಶನದ ಅನುಯಾಯಿಗಳು ಕಣ್ಣೆದುರಿನ ಒಂದು ಹಕ್ಕಿಗೆ ಕಾಳು ಚೆಲ್ಲಿ, ಕಾಣದ ನೂರಾರು ಜೀವಿಗಳ ಆವಾಸ ಅಳಿಯುವಾಗ ಮೌನವಾಗಿರುವುದು ಅಹಿಂಸೆಯ ಅರ್ಧಪಾಲನೆ ಮಾತ್ರ.

ಇದಕ್ಕೆ ಮಹಾಯೋಜನೆಗಳೇನೂ ಬೇಕಿಲ್ಲ. ಪ್ರತಿಯೊಂದು ಸಂಘವೂ ಜೀವದಯಾ ನಿಧಿಯ ಒಂದಂಶವನ್ನು ಮೀಸಲಿಟ್ಟು ಇಬ್ಬರು ಯುವಕ-ಯುವತಿಯರನ್ನು ಪಕ್ಷಿಮಿತ್ರ ಸಮ್ಮೇಳನಕ್ಕೆ ಕಳುಹಿಸಲಿ. ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯಾ ಜಲಪಕ್ಷಿ ಗಣತಿಯಲ್ಲಿ ಠಾಣೆ ಖಾರಿಯಿಂದ ಸೊಲ್ಲಾಪುರದ ಕೆರೆಗಳವರೆಗೆ ಸಮಾಜದ ಸ್ವಯಂಸೇವಕರು ನಿಲ್ಲಲಿ. ಚಾತುರ್ಮಾಸದ ಪ್ರವಚನಮಾಲೆಯಲ್ಲಿ ಒಂದು ದಿನ ಹುಲ್ಲುಗಾವಲಿನ ಅರಣ್ಯರಕ್ಷಕನಿಗೂ ಮಾತನಾಡಲು ಅವಕಾಶ ದೊರೆಯಲಿ. ಮತ ಕೇಳಲು ಬರುವ ನಾಯಕರಿಗೆ ಕಬೂತರ್‌ಖಾನಾದ ಜೊತೆಗೆ ಹುಲ್ಲುಗಾವಲಿನ ಪ್ರಶ್ನೆಯನ್ನೂ ಕೇಳಲಿ.

ಮುಷ್ಟಿ ಕಾಳು ಚೆಲ್ಲುವುದಕ್ಕೆ ಒಂದು ಗಳಿಗೆ ಸಾಕು. ಒಂದು ಹಕ್ಕಿಯ ನೆಲೆಯನ್ನು ಕಾಯಲು ವರ್ಷಗಳ ವ್ರತ ಬೇಕು. ವ್ರತಪಾಲನೆಯಲ್ಲಿ ಹೆಸರಾದ ಸಮಾಜಕ್ಕೆ ಇದು ಅಸಾಧ್ಯವಾಗಬಾರದು.