ಹೆಸರು ಬದಲಾದರೆ ಸಾಕೆ?

ಹೋದ ಬೇಸಗೆಯ ರಜೆಯಲ್ಲಿ ನಮ್ಮ ಹತ್ತಿಕುಣಿಯಲ್ಲಿ ನಡೆದ ಒಂದು ಸಣ್ಣ ಸಂಗತಿಯೇ ಈ ಬರಹಕ್ಕೆ ಕಾರಣ. ನಮ್ಮ ತಂದೆಯವರಿಗೆ ಓದುಬರಹ ಬಾರದು. ಮನೆಯ ಅರ್ಜಿಗಳನ್ನು ಬರೆಯುವವನು ನಾನು. ಪಹಣಿಯ ತಿದ್ದುಪಡಿಗಾಗಿ 'ಗ್ರಾಮ ಲೆಕ್ಕಿಗರಿಗೆ' ಎಂದು ಬರೆದುಕೊಟ್ಟ ಅರ್ಜಿಯನ್ನು ಒಬ್ಬ ಗುಮಾಸ್ತರು ಹಿಂದಿರುಗಿಸಿದರು. "ಅವರು ಈಗ ಗ್ರಾಮ ಆಡಳಿತ ಅಧಿಕಾರಿ, ತಿದ್ದಿಕೊಂಡು ಬಾ" ಎಂದರಂತೆ. ತಂದೆಯವರ ಒಂದು ದಿನದ ಕೂಲಿ ಹೋಯಿತು. ನಮ್ಮಜ್ಜನಾದರೋ ಇಂದಿಗೂ ಅವರನ್ನು 'ಪಟ್ವಾರಿ' ಎಂದೇ ಕರೆಯುತ್ತಾನೆ. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ತೆಗೆದುಹಾಕಿದ 1961ರ ಕಾಯಿದೆ ಅವನ ಲೆಕ್ಕಕ್ಕಿಲ್ಲ.

ಹುದ್ದೆಯ ಹೆಸರನ್ನು ತಿದ್ದಲೇಬಾರದೆಂಬುದು ನನ್ನ ವಾದವಲ್ಲ. ಲೆಕ್ಕ ಬರೆಯುವುದೊಂದೇ ಆ ನೌಕರರ ಕೆಲಸವಾಗಿ ಉಳಿದಿಲ್ಲ. 2024ರಲ್ಲಿ ಸಾವಿರ ಹುದ್ದೆಗಳಿಗೆ ಅರ್ಜಿ ಕರೆದದ್ದೂ ಹೊಸ ಹೆಸರಿನಲ್ಲಿಯೇ. ನಮ್ಮ ಸಹಪಾಠಿಗಳಲ್ಲಿ ಕೆಲವರು ಆ ಪರೀಕ್ಷೆಗೆ ಕುಳಿತಿದ್ದರು. 1973ರ ನವೆಂಬರ್ 1ರಂದು ಮೈಸೂರು ರಾಜ್ಯವು ಕರ್ನಾಟಕವಾಯಿತು. 1964ರ ಮೈಸೂರು ಭೂಕಂದಾಯ ಕಾಯಿದೆಯೂ ಕರ್ನಾಟಕ ಭೂಕಂದಾಯ ಕಾಯಿದೆ ಎನಿಸಿತು. ಅದರಿಂದ ಯಾರ ಹೊಲದ ಹಕ್ಕೂ ಅಳಿಸಿಹೋಗಲಿಲ್ಲ.

ನಮ್ಮ ಭಾಗದವರಿಗಂತೂ ಹೆಸರು ಬದಲಾಗುವುದು ಹೊಸದಲ್ಲ. ನಾನು ಹುಟ್ಟಿದಾಗ ನಮ್ಮೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಆಮೇಲೆ ಯಾದಗಿರಿ ಬೇರೆ ಜಿಲ್ಲೆಯಾಯಿತು, 2014ರಲ್ಲಿ ಗುಲಬರ್ಗಾ ಕಲಬುರಗಿಯಾಯಿತು, 2019ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು. ಮನೆ ಮಾತ್ರ ಇದ್ದಲ್ಲಿಯೇ ಇದೆ! ಬಸವಣ್ಣನವರ ಕಲ್ಯಾಣವು ನಮಗೆ ಹೆಸರಾದುದು ಸಂತೋಷವೇ. ಅಭಿವೃದ್ಧಿ ಮಂಡಳಿಯ ಹೆಸರೂ ಅದರಂತೆ ಬದಲಾಯಿತು. ಆದರೆ ವಿದ್ಯೆ, ಉದ್ಯೋಗಗಳಲ್ಲಿ ನಮಗೆ ಮೀಸಲಾತಿ ದೊರಕಿಸಿದ ಸಂವಿಧಾನದ 371(ಜೆ) ವಿಧಿ 'ಹೈದರಾಬಾದ್-ಕರ್ನಾಟಕ ಪ್ರದೇಶ' ಎಂದೇ ಹೇಳುತ್ತದೆ. ಅದನ್ನು ತಿದ್ದುವುದು ಸಂಸತ್ತಿನ ಕೆಲಸ, ವಿಧಾನಸಭೆಯದಲ್ಲ. ಎರಡೂ ಒಂದೇ ಎಂಬುದು ನಮ್ಮ ಅಧ್ಯಾಪಕರಿಗೆ ಗೊತ್ತು, ನನಗೂ ಈಗ ಗೊತ್ತು. ಪ್ರಮಾಣ ಪತ್ರ ಹಿಡಿದು ಕಿಟಕಿಯ ಮುಂದೆ ನಿಂತ ನಮ್ಮ ತಂದೆಯಂಥವರಿಗೆ ಹೇಳುವವರು ಯಾರು?

ಹಳೆಯ ಹೆಸರು ಬಂದ ಕಡೆಯಲ್ಲೆಲ್ಲ ಹೊಸ ಹೆಸರನ್ನು ಓದಿಕೊಳ್ಳತಕ್ಕದ್ದು ಎಂಬ ಮಾತು ಕಾಯಿದೆಗಳಲ್ಲಿ ಅಪರೂಪವೇನಲ್ಲ. ಅದು ಕಾಯಿದೆಗಳಿಗಷ್ಟೇ ಏಕೆ ಸಲ್ಲಬೇಕು? ಹಳೆಯ ಹೆಸರಿನಲ್ಲಿ ಬರೆದ ಬಡವನ ಅರ್ಜಿಗೂ ಸಲ್ಲಲಿ. ಹೆಸರು ಬದಲಿಸಿದ ಸರಕಾರವೇ ಆ ಸಾಲನ್ನು ದಪ್ಪ ಅಕ್ಷರಗಳಲ್ಲಿ ಬರೆಯಿಸಿ ಪ್ರತಿಯೊಂದು ಕಚೇರಿಯ ಗೋಡೆಗೆ ಹಚ್ಚಲಿ. ಇದಕ್ಕೆ ತಗಲುವ ಖರ್ಚು ನಾಮಫಲಕ ಬದಲಿಸುವ ಖರ್ಚಿಗಿಂತ ಕಡಿಮೆಯೇ ಇದ್ದೀತು.

ಈಗ ಓಣಿಯವರಿಗೆ ಅರ್ಜಿ ಬರೆದುಕೊಡುವಾಗ ನಾನು ಎರಡು ಹೆಸರುಗಳನ್ನೂ ಬರೆಯುತ್ತೇನೆ, ಹಳೆಯದನ್ನು ಕಂಸದೊಳಗೆ. ಇದುವರೆಗೆ ಒಂದೂ ಹಿಂದಿರುಗಿ ಬಂದಿಲ್ಲ.