ಹೇಮಾವತಿ ನೀರು: ಗುಬ್ಬಿ–ಕುಣಿಗಲ್ ತಕರಾರಿನ ಒಳಲೆಕ್ಕ



ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ವಿರುದ್ಧ 2025ರ ಮೇ ಕೊನೆಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ನಡೆದ ಹೋರಾಟ ನಿಮಗೆ ತಿಳಿದದ್ದೇ. ಗುಬ್ಬಿ ತಾಲ್ಲೂಕಿನ ನಾಲೆಯಿಂದ ನೀರನ್ನು ಕೊಳವೆಯಲ್ಲಿ ಕುಣಿಗಲ್ಲಿಗೆ, ಅಲ್ಲಿಂದ ಮಾಗಡಿ ಕಡೆಗೆ ಒಯ್ಯುವ ಯೋಜನೆ ಇದು. ನಾಲೆಯ ಕೊನೆಯಲ್ಲಿರುವ ತಮಗೆ ಪಾಲಿನ ನೀರು ಮುಟ್ಟುತ್ತಿಲ್ಲ ಎಂಬುದು ಕುಣಿಗಲ್ಲಿನವರ ಅಳಲು. ಮೇಲೆಯೇ ನೀರು ಕೊಳವೆಗೆ ಇಳಿದರೆ ನಮ್ಮ ಕೆರೆಗಳ ಗತಿಯೇನು ಎಂಬುದು ಗುಬ್ಬಿಯವರ ಅಂಜಿಕೆ. ಎರಡನ್ನೂ ತಳ್ಳಿಹಾಕುವಂತಿಲ್ಲ.

ಗೊರೂರಿನ ಜಲಾಶಯ ಹಿಡಿಯುವುದು ಸುಮಾರು 37 ಟಿ.ಎಂ.ಸಿ. ಅದು ಹಿಗ್ಗುವುದಿಲ್ಲ, ನಂಬಿಕೊಂಡವರು ಮಾತ್ರ ಹೆಚ್ಚುತ್ತಿದ್ದಾರೆ. ತುಮಕೂರು ನಗರ ಬುಗುಡನಹಳ್ಳಿ ಕೆರೆಯ ಮೂಲಕ ಇದೇ ನೀರನ್ನು ಕುಡಿಯುತ್ತದೆ. ವಸಂತನರಸಾಪುರದಲ್ಲಿ ಕೈಗಾರಿಕೆಗಳು ಬಂದಿವೆ. ಗುಬ್ಬಿ ತಾಲ್ಲೂಕಿನಲ್ಲೇ ಹೆಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಆರಂಭವಾಯಿತು. ಕಾರ್ಖಾನೆ ಬೇಡವೆನ್ನುವಂತಿಲ್ಲ, ಕೆಲಸ ಅರಸಿ ಹೋಗುವವರು ನಮ್ಮ ಮಕ್ಕಳೇ.

ಈಗ ಸ್ವಲ್ಪ ಲೆಕ್ಕ ಹಾಕೋಣ. ಒಂದು ಟಿ.ಎಂ.ಸಿ. ಎಂದರೆ ಸುಮಾರು 2,831 ಕೋಟಿ ಲೀಟರು. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರೆಂದು ಹಿಡಿದರೆ, 4 ಲಕ್ಷ ಜನಕ್ಕೆ ವರ್ಷಕ್ಕೆ ಮುಕ್ಕಾಲು ಟಿ.ಎಂ.ಸಿ. ಕೂಡ ಬೇಕಾಗುವುದಿಲ್ಲ. ಅದರಲ್ಲಿ ನೂರಕ್ಕೆ ಎಂಬತ್ತರಷ್ಟು ಕೊಳಚೆಯಾಗಿ ಹೊರಬೀಳುತ್ತದೆ. ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯಿತು. ಶುದ್ಧೀಕರಣ ಇನ್ನೊಂದು ಹಂತ ಆಗಬೇಕೆಂಬ ತಕರಾರೂ ಎದ್ದಿತು. ನನ್ನ ಅಭಿಪ್ರಾಯ ಕೇಳಿದರೆ, ತುಮಕೂರಿನ ಇಂಥ ನೀರು ಕೆರೆಗಿಂತ ಮೊದಲು ಕಾರ್ಖಾನೆಗಳಿಗೆ ಹೋಗಲಿ. ಅಷ್ಟು ಹೊಳೆನೀರು ಉಳಿದೀತು.

ಹಾಗೆಂದು ಪಟ್ಟಣದವರನ್ನಷ್ಟೇ ದೂರಿ ಕುಳಿತರಾಗದು. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 540 ಅಡಿಕೆ ಮರ. ಬೇಸಿಗೆಯಲ್ಲಿ ನಾಲ್ಕು ದಿನಕ್ಕೊಮ್ಮೆ ಮರಕ್ಕೆ 175 ಲೀಟರು ಪಾತಿಗೆ ಬಿಟ್ಟರೆ, ದಿನದ ಲೆಕ್ಕದಲ್ಲಿ ಎಕರೆಗೆ 23,000 ಲೀಟರಿಗೂ ಮೇಲೆ. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 20 ಲೀಟರು ಕೊಟ್ಟರೆ 10,800 ಲೀಟರು ಸಾಕು. ನಾಲ್ಕು ತಿಂಗಳ ಬೇಸಿಗೆಯಲ್ಲಿ ಸುಮಾರು 18,000 ಎಕರೆ ತೋಟ ಹೀಗೆ ಬದಲಾದರೆ ಒಂದು ಟಿ.ಎಂ.ಸಿ. ಬಳಕೆ ತಗ್ಗುತ್ತದೆ. ಅಷ್ಟೂ ಉಳಿತಾಯವಲ್ಲ, ನಿಜ. ಪಾತಿಯ ನೀರಲ್ಲಿ ಸ್ವಲ್ಪ ಅಂತರ್ಜಲಕ್ಕೂ ಇಂಗುತ್ತದೆ. ಆದರೂ ಕೊಳವೆ ಬಾವಿ ಬತ್ತುತ್ತಿರುವಾಗ ಮೇಲಕ್ಕೆತ್ತುವ ನೀರು ಕಡಿಮೆಯಾಗುವುದೇ ದೊಡ್ಡದು. ಉಳಿದ ನೀರಿಗೆಂದು ಮತ್ತೆರಡು ಎಕರೆ ಅಡಿಕೆ ನಟ್ಟರೆ ಮಾತ್ರ ಎಲ್ಲ ಹೊಳೆಯಲ್ಲಿ ಹುಣಸೇಹಣ್ಣು ಕಿವುಚಿದಂತೆ. ಹನಿ ನೀರಾವರಿಯ ಸಹಾಯಧನದ ವಿವರವನ್ನು ತೋಟಗಾರಿಕೆ ಇಲಾಖೆಯಲ್ಲಿ ಕೇಳಿ.

ಲಿಂಕ್ ಕಾಲುವೆಯ ಬಗ್ಗೆ ನಾನು ಹೇಳುವುದಿಷ್ಟೇ. ನೀರು ಎಲ್ಲಿ ಎಷ್ಟು ಹರಿಯಿತೆಂಬ ಅಳತೆ ಜನರ ಕಣ್ಣಿಗೆ ಬೀಳದೆ ಕೊಳವೆ ಹೂಳಿದರೆ ಅನುಮಾನವನ್ನೇ ಹೂಳಿದಂತೆ. ನಾಲೆ ಗುಬ್ಬಿ ತಾಲ್ಲೂಕಿಗೆ ಬರುವಲ್ಲಿ, ದಾಟುವಲ್ಲಿ, ಕುಣಿಗಲ್ಲಿನ ಕೊನೆಯ ತೂಬಿನಲ್ಲಿ ಅಳತೆಪಟ್ಟಿ ನಿಲ್ಲಬೇಕು. ದಿನದ ಅಂಕಿ ಗ್ರಾಮ ಪಂಚಾಯ್ತಿ ಹಲಗೆಯ ಮೇಲೆ ಬರಬೇಕು. ಕುಣಿಗಲ್ಲಿಗೆ ಎಷ್ಟು, ಮುಂದಕ್ಕೆ ಎಷ್ಟು ಎಂಬುದೂ ಅದರಲ್ಲಿರಲಿ. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳಿ ನಿರ್ಣಯ ಬರೆಸಿ. ನಾಲೆಗೆ ನೀರು ಬಿಡುವ ಮೊದಲೇ ಊರಕೆರೆಗೆ ನೀರು ತರುವ ಹಳ್ಳದ ಒತ್ತುವರಿಯನ್ನೂ ತೆರವು ಮಾಡಿಸಿ.